ಅಮ್ಮನ ಜೊತೆ ತಕಾಯಾಮಾದಲ್ಲಿ ಎರಡು ರಾತ್ರಿ: ನನ್ನ ಅನುಭವ

"ಅಮ್ಮನ್ನ ಆ ಗುಡ್ಡದೂರಿಗೆ ಕರ್ಕೊಂಡು ಹೋದ್ರೆ ಉಪವಾಸ ಕೆಡವ್ತೀಯ ನೋಡು" ಅಂತ ಭಾವ ಮೊದಲೇ ಹೇಳಿದ್ದರು. ಟೋಕಿಯೊ, ಕ್ಯೋಟೊ ನೋಡ್ಕೊಂಡು ಬನ್ನಿ ಸಾಕು ಅನ್ನೋದು ಮನೆಯವರೆಲ್ಲರ ಮಾತು. ಜಪಾನಿನ ಗುಡ್ಡಗಾಡಿನ ತಕಾಯಾಮಾಕ್ಕೆ 2025ರ ಜುಲೈ ಕೊನೆಯಲ್ಲಿ ಹೋಗಿ ಬಂದೆವು. ಮೀನು-ಮಾಂಸ ಮುಟ್ಟದ ಅಮ್ಮ ಒಂದು ಹೊತ್ತೂ ಹಸಿದಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಭಾವ ಹಾಗೆ ಹೇಳೋಕೆ ಕಾರಣವೂ ಇತ್ತು. 2024ರ ಆಗಸ್ಟ್‌ನಲ್ಲಿ ನಾನೊಬ್ಬನೇ ತಕಾಯಾಮಾಕ್ಕೆ ಹೋಗಿ ಸೋತು ಬಂದಿದ್ದೆ. ಏಳು ದಿನದ ರೈಲು ಪಾಸ್ ತಗೊಂಡಿದ್ದೆ, 50,000 ಯೆನ್. ಆಗಿನ ಲೆಕ್ಕಕ್ಕೆ 28–29 ಸಾವಿರ ರೂಪಾಯಿ. 2023ರ ಅಕ್ಟೋಬರ್‌ಗೆ ಮುಂಚೆ ಇದೇ ಪಾಸ್ 30,000 ಯೆನ್ ಒಳಗಿತ್ತು. ಯಾರೋ ಕೊಟ್ಟ ಹಳೇ ಸಲಹೆ ನಂಬಿ ಕೊಂಡೆ. ಅದರ ಅರ್ಧದಷ್ಟೂ ಓಡಾಡಲಿಲ್ಲ. ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಸಾಲದ್ದಕ್ಕೆ ಅದು ಓಬೋನ್ ವಾರ. ನಮ್ಮ ಪಿತೃಪಕ್ಷದ ಹಾಗೆ ಹಿರಿಯರನ್ನು ನೆನೆಯೋ ಹಬ್ಬ, ಎಲ್ಲರೂ ಊರಿಗೆ ಹೊರಟಿರುತ್ತಾರೆ. ನಗೋಯಾದಿಂದ ಎರಡೂವರೆ ಗಂಟೆ ನಿಂತೇ ಹೋದೆ. ಸಂಜೆ ಐದಕ್ಕೆಲ್ಲ ಸನ್ಮಾಚಿಯ ಹಳೇ ಬೀದಿಯಲ್ಲಿ ಅಂಗಡಿಗಳು ಬಾಗಿಲು ಹಾಕತೊಡಗಿದವು. ತರಕಾರಿ ಉಡೋನ್ (ದಪ್ಪ ನೂಡಲ್ಸ್) ಅಂತ ತಗೊಂಡರೆ ಅದರ ಸಾರು ಒಣಮೀನಿನ ದಾಶಿ. ಎರಡು ಬಾಳೆಹಣ್ಣು ತಿಂದು ರಾತ್ರಿ ವಾಪಸ್.

ಈ ಸಲ ಪಾಸ್ ಮುಟ್ಟಲೇ ಇಲ್ಲ. ನಗೋಯಾದಿಂದ ಹೆದ್ದಾರಿ ಬಸ್ಸು, ಒಂದು ಕಡೆಗೆ ತಲೆಗೆ 3,500 ಯೆನ್ ಆಸುಪಾಸು. ಮೂರು ಗಂಟೆಯೊಳಗೆ ಊರಲ್ಲಿದ್ದೆವು. ಅಡುಗೆಮನೆ ಇರೋ ಗೆಸ್ಟ್‌ಹೌಸೇ ಬೇಕು ಅಂತ ಮೂರು ತಿಂಗಳು ಮುಂಚೆ ಹುಡುಕಿ ಹಿಡಿದೆ, ರಾತ್ರಿಗೆ ತಲೆಗೆ 4,000 ಯೆನ್. ಹೆಸರು ಮಾತ್ರ ಹೇಳಲ್ಲ, ಇರೋದೇ ನಾಲ್ಕು ಕೋಣೆ!

ಗುಡ್ಡದೂರು ಅಂದ ತಕ್ಷಣ ಮಡಿಕೇರಿ ಅಂದ್ಕೋಬೇಡಿ. ಊರಿರೋದು ಸುಮಾರು 570 ಮೀಟರ್ ಎತ್ತರದಲ್ಲಿ, ಮಧ್ಯಾಹ್ನ 33–34 ಡಿಗ್ರಿ ಬಿಸಿಲು. ಆ ಹೊತ್ತಿಗೆ ಊಟ, ನಿದ್ದೆ. ಬೆಳಗ್ಗೆ ಏಳಕ್ಕೆ ಮಿಯಾಗಾವಾ ನದಿ ದಂಡೆಯ ಸಂತೆ. ಅಜ್ಜಿಯರು ಟೊಮೇಟೊ, ಸೌತೆಕಾಯಿ, ಕೆಂಪು ಟರ್ನಿಪ್ ಉಪ್ಪಿನಕಾಯಿ ಹರಡಿಕೊಂಡು ಕೂತಿರುತ್ತಾರೆ. ಚಿಲ್ಲರೆ ಇಟ್ಟುಕೊಂಡು ಹೋಗಿ.

ಊರಿಂದ ಒಯ್ದಿದ್ದು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಎರಡೂ ಸೀಲ್ ಮಾಡಿದ ಪ್ಯಾಕೆಟ್. ಹಸಿ ಕರಿಬೇವು, ಅಕ್ಕಿ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆದಿಡ್ತಾರೆ. ಮೊದಲ ರಾತ್ರಿ ಅಲ್ಲಿನ ಅನ್ನಕ್ಕೆ ಗೊಜ್ಜು ಕಲಸಿದರೆ ಮುದ್ದೆಯಾಯಿತು, ಆ ಅಕ್ಕಿ ಅಷ್ಟು ಅಂಟು. ಮಾರನೇ ದಿನ ಅನ್ನವನ್ನು ತಟ್ಟೆಗೆ ಹರವಿ ಫ್ಯಾನ್ ಕೆಳಗೆ ಪೂರ್ತಿ ಆರಿಸಿ, ಎಣ್ಣೆ ಸವರಿ ಕಲಸಿದೆವು. ಅಗುಳು ಬಿಟ್ಟುಕೊಂಡಿತು. ಮೊಸರನ್ನಕ್ಕೆ ಮಾತ್ರ ಆ ಅಂಟೇ ಚೆಂದ. ಪಕ್ಕಕ್ಕೆ ಕೆಂಪು ಟರ್ನಿಪ್ ಇದ್ದರೆ ನಮ್ಮ ಮಾವಿನಮಿಡಿ ನೆನಪಾಗೋದಿಲ್ಲ. ಹೊಗೆ ಅಲಾರಂ ಕೂಗದ ಹಾಗೆ ಒಗ್ಗರಣೆ ಹಾಕಿದ್ದು ಅಮ್ಮನ ಗುಟ್ಟು. ಅದು ಅವರ ಹತ್ತಿರವೇ ಇರಲಿ.

ಹೊರಗೂ ತಿಂದೆವು. ಇಲ್ಲಿನ ಮಿತರಾಶಿ ದಾಂಗೊ ಸಿಹಿಯಲ್ಲ. ಅಕ್ಕಿಹಿಟ್ಟಿನ ಐದು ಉಂಡೆಗಳನ್ನು ಕಡ್ಡಿಗೆ ಪೋಣಿಸಿ ಸುಡ್ತಾರೆ, ಸೋಯಾ ಸಾಸ್‌ನಲ್ಲಿ ಅದ್ದಿ ಮತ್ತೆ ಸುಡ್ತಾರೆ. ಅಂಚು ಕಪ್ಪಗಾಗಿ ಗರಿಗರಿ ಅನ್ನುವಾಗ ಕೈಗೆ ಕೊಡ್ತಾರೆ. ಹೋಬಾ ಮಿಸೊ ಅಂತ ಇನ್ನೊಂದು. ಅಂಗೈಗಿಂತ ದೊಡ್ಡ ಒಣ ಎಲೆಯ ಮೇಲೆ ಮಿಸೊ (ಹುದುಗಿಸಿದ ಸೋಯಾ ಕಾಳಿನ ಪೇಸ್ಟ್), ಈರುಳ್ಳಿ ದಂಟು, ಅಣಬೆ. ಎಲೆ ಸಮೇತ ಪುಟ್ಟ ಇದ್ದಿಲ ಒಲೆಯ ಮೇಲಿಡ್ತಾರೆ. ಎಲೆ ಬಿಸಿಯಾಗುವಾಗ ಬರೋ ಘಮಕ್ಕೆ ಅಮ್ಮ "ಮುತ್ತುಗದ ಎಲೆ ಊಟ ಕಣೋ ಇದು" ಅಂದರು. ಗೋಮಾಂಸ ಹಾಕಿದ್ದೂ ಇರುತ್ತದೆ, ಕೇಳಿಯೇ ತಗೊಳ್ಳಿ.

ಎರಡನೇ ದಿನ ಮೊದಲ ಬಸ್ಸಿಗೇ ಶಿರಾಕಾವಾಗೊ ಹಳ್ಳಿಗೆ. 50 ನಿಮಿಷ, ಹೋಗಿಬರಲು ತಲೆಗೆ 5,000 ಯೆನ್ ಹತ್ತಿರ. ಹತ್ತೂವರೆ ಮೇಲೆ ಜನ ಜಾಸ್ತಿ. ಕೈಮುಗಿದ ಹಾಗೆ ಕಡಿದಾದ ಹುಲ್ಲಿನ ಮಾಡು, ಹಿಮ ನಿಲ್ಲದೆ ಜಾರಲಿ ಅಂತ. ಆ ಹಳ್ಳಿ 1995ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಿನ ವಾದಾ ಮನೆತನದ ಹಳೇ ಮನೆಯ ಅಟ್ಟ ಹತ್ತಿದೆವು. ಕಡಿದಾದ ಏಣಿ, ಅಮ್ಮ ಮಂಡಿ ಹಿಡ್ಕೊಂಡೇ ಹತ್ತಿದರು. ಮೇಲೆ ನೋಡಿದರೆ ರೇಷ್ಮೆ ಸಾಕುವ ಸಾಮಾನು. ಕೆಳಗಿನ ಒಲೆಯ ಬಿಸಿಯಲ್ಲಿ ಆ ಅಟ್ಟದಲ್ಲೇ ಹುಳು ಸಾಕುತ್ತಿದ್ದರಂತೆ. ಅಮ್ಮ ರಾಮನಗರದ ಕಡೆಯವರು, ಮದುವೆಗೆ ಮುಂಚೆ ತವರಲ್ಲಿ ಹುಳು ಮೇಯಿಸಿದವರು. ತಟ್ಟೆಗಳ ಮುಂದೆ ಬಗ್ಗಿ, ಹೆಣಿಗೆಯ ಸಂದನ್ನು ಬೆರಳಲ್ಲಿ ಗಾಳಿಯಲ್ಲೇ ಎಣಿಸಿದರು. "ನಮ್ಮದಕ್ಕಿಂತ ಒತ್ತಾಗಿ ನೇಯ್ದಿದ್ದಾರೆ. ಹುಳು ಇಲ್ಲಿಂದ ಬೀಳಲ್ಲ." ಕಾಲು ಗಂಟೆ ಅಲ್ಲೇ ನಿಂತರು. ಇಡೀ ಪ್ರವಾಸದಲ್ಲಿ ನನಗೆ ಉಳಿದಿರೋದು ಆ ಕಾಲು ಗಂಟೆ.

ಕೊನೇ ಬೆಳಗ್ಗೆ ತಕಾಯಾಮಾ ಜಿನ್ಯಾ ನೋಡಿದೆವು. 1692ರಲ್ಲಿ ಶೋಗುನ್ (ಆಗ ಜಪಾನ್ ಆಳುತ್ತಿದ್ದ ಸೇನಾಧಿಪತಿ) ಸರ್ಕಾರ ಈ ಸೀಮೆಯನ್ನು ನೇರವಾಗಿ ತನ್ನ ಕೈಗೆ ತಗೊಂಡಿತು. ಆಮೇಲೆ ಆಡಳಿತ ನಡೆಸಿದ ಕಚೇರಿ ಇದು. ಟಿಕೆಟ್ 440 ಯೆನ್. ಮರಗೆಲಸ ನೋಡೋಕಾದರೂ ಹೋಗಿ. ಇಲ್ಲಿನ ಬಡಗಿಗಳು ಎಂಥವರೆಂದರೆ, ನಾರಾ ಕಾಲದಲ್ಲಿ, ಅಂದರೆ ಎಂಟನೇ ಶತಮಾನದಲ್ಲಿ, ಈ ಹಿದಾ ಸೀಮೆ ಕಂದಾಯದ ಬದಲು ಬಡಗಿಗಳನ್ನೇ ರಾಜಧಾನಿಗೆ ಕಳಿಸುತ್ತಿತ್ತು.

ನಗೋಯಾದಿಂದ ನಗೋಯಾಕ್ಕೆ ತಲೆಗೆ ಒಟ್ಟು 24,000 ಯೆನ್, 14 ಸಾವಿರ ರೂಪಾಯಿ. ಹಿಂದಿನ ಸಲದ ಪಾಸ್‌ನ ಅರ್ಧ ದುಡ್ಡು.

ಈಗ ಭಾವ ಅಕ್ಕನ ಜೊತೆ ಹೊರಡುವ ಯೋಚನೆಯಲ್ಲಿದ್ದಾರೆ. ಜೂನ್ ಅಂದರು. ಆಗ ಅಲ್ಲಿ ಮಳೆಗಾಲ, ಬೇಡ ಅಂದೆ. ಜುಲೈ 20 ದಾಟಿದ ಮೇಲೆ ಹೋಗಿ, ಓಬೋನ್ ಶುರುವಾಗೋ ಮುಂಚೆ ಆಗಸ್ಟ್ 8–9ರೊಳಗೆ ವಾಪಸಾಗಿ ಅಂತ ಹೇಳಿದ್ದೇನೆ. ಅವರಿಗಾಗಿ ಅಮ್ಮ ಗೊಜ್ಜು ಕುದಿಸೋಕೆ ಹುಣಸೆಹಣ್ಣು ತರಿಸಿದ್ದಾರೆ.