ಉಂಬಳಕ್ಕೆ ಹೆದರುವ ಮಕ್ಕಳನ್ನು ನಾನು ತೋಟಕ್ಕಿಳಿಸುವ ಬಗೆ

ಮಳೆಗಾಲದಲ್ಲಿ ಮಲೆನಾಡಿನ ಮಕ್ಕಳನ್ನು ತೋಟ, ಕಾಡಿನಿಂದ ದೂರ ಇಡುವುದು ಹಾವಿಗಿಂತ ಹೆಚ್ಚಾಗಿ ಉಂಬಳ, ಅಂದರೆ ರಕ್ತ ಹೀರುವ ನೆಲದ ಜಿಗಣೆ. ನಾನು ಶುರು ಮಾಡುವುದೇ ಅಲ್ಲಿಂದ. "ಏನೂ ಮಾಡಲ್ಲ, ಬಾ" ಎಂದು ಪುಸಲಾಯಿಸುವುದಿಲ್ಲ. ಕಚ್ಚುತ್ತದೆ, ರಕ್ತ ಬರುತ್ತದೆ ಎಂದು ಮೊದಲೇ ಹೇಳುತ್ತೇನೆ. ಇಲ್ಲದಿದ್ದರೆ ಒಂದೇ ಕಡಿತಕ್ಕೆ ಮಗು ನಮ್ಮ ಮಾತು ನಂಬುವುದನ್ನು ಬಿಡುತ್ತದೆ.

ಆರಿದ್ರೆ ಮಳೆ ಕೊಂಚ ಹೊಳವಾದಾಗ ಒಂದು ಉಂಬಳವನ್ನು ಒದ್ದೆ ದರಕಿನ (ಉದುರಿದ ಎಲೆಗಳ) ಜತೆ ಗಾಜಿನ ಬಾಟಲಿಗೆ ಹಾಕಿ, ಒತ್ತು ನೇಯ್ಗೆಯ ಬಟ್ಟೆ ಬಿಗಿಯುತ್ತೇನೆ. ಮುಚ್ಚಳಕ್ಕೆ ತೂತು ಹೊಡೆದರೆ ಅದರಲ್ಲೇ ನುಸುಳಿ ಬರುತ್ತದೆ. ಬಟ್ಟೆಯ ಮೇಲೆ ಮಗು ಮೆಲ್ಲಗೆ ಉಸಿರು ಬಿಟ್ಟರೆ ಉಂಬಳ ಎದ್ದು ನಿಂತು ಆ ಕಡೆ ತಲೆ ಆಡಿಸುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ಹೆಜ್ಜೆಯ ಅದುರು, ಇವೇ ಅದಕ್ಕೆ ದಾರಿ. ಇಷ್ಟು ಕಂಡ ಮಗು ಮತ್ತೆ ಮತ್ತೆ ಊದತೊಡಗುತ್ತದೆ. ಭೂತಗನ್ನಡಿ ಕೊಡುವುದು ಆಗಲೇ: ಎರಡೂ ತುದಿಯಲ್ಲಿ ಹೀರುಬಟ್ಟಲು, ತೆಳು ತುದಿಯಲ್ಲಿ ಬಾಯಿ.

ನಿಜವಾದ ಪಾಠ ಬಿಡಿಸುವುದು. ನನ್ನ ಕೈಗೇ ಹತ್ತಿಸಿಕೊಂಡು ತೋರಿಸುತ್ತೇನೆ. ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ತೆಳು ತುದಿಯ ಪಕ್ಕ ಉಗುರೊತ್ತಿ ಅಡ್ಡಕ್ಕೆ ಸರಿಸಬೇಕು. ಆಮೇಲೆ ದಪ್ಪ ತುದಿ. ಬೆರಳಿಗೆ ಅಂಟಿದರೆ ಎರಡು ಬೆರಳ ನಡುವೆ ಉಂಡೆಯಂತೆ ಹೊಸೆದು ಚಿಮ್ಮಿಸಿದರಾಯಿತು. ಕಚ್ಚಿಕೊಂಡಿರುವಾಗ ಉಪ್ಪು, ಸುಣ್ಣ-ತಂಬಾಕು, ಬೆಂಕಿಕಡ್ಡಿ ಯಾವುದೂ ಬೇಡ, ಹೀರಿದ್ದನ್ನು ಗಾಯಕ್ಕೇ ಕಕ್ಕಬಹುದು. ಅದು ಒದ್ದಾಡಿ ಸಾಯುವುದನ್ನು ನೋಡಿದ ಮಗುವಿಗೆ ಹೇಸಿಗೆಯೂ ಹೆಚ್ಚುತ್ತದೆ. ಉಪ್ಪಿನ ಗಂಟು ಇರುವುದು ಹೊರಡುವ ಮೊದಲು ಕಾಲಿಗೆ ಸವರಲು.

ಕೆಡುವುದು ಹೆಚ್ಚಾಗಿ ರಕ್ತ ಕಂಡಾಗ. ಉಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದು, ಬಿಡಿಸಿದ ಮೇಲೂ ಜಿನುಗುತ್ತಲೇ ಇರುತ್ತದೆ. ಸೋಪು ಹಚ್ಚಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ಕಡು ಬಣ್ಣದ ಬಟ್ಟೆಯೇ ಇರಲಿ. ಬಿಳಿಯ ಮೇಲೆ ನಾಲ್ಕು ಹನಿಯೂ ದೊಡ್ಡ ಗಾಯದಂತೆ ಕಾಣುತ್ತದೆ. ಜತೆಗಿದ್ದ ದೊಡ್ಡವರು ಕಿರುಚಿದರೆ ಮಾಡಿದ್ದೆಲ್ಲ ಹಾಳು. ಹಾಗಾಗಿ ಹೆದರುವ ಅಪ್ಪ-ಅಮ್ಮನಿಗೆ ಮೊದಲು ಕಲಿಸುತ್ತೇನೆ.

ಬಿಡಿಸಬಾರದ ಹೆದರಿಕೆಯೂ ಒಂದುಂಟು, ಉಣುಗಿನದು (ಉಣ್ಣೆ ಹುಳುವಿನದು). 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಹೆಚ್ಚಾಗಿ ಅದರಿಂದಲೇ, ಅದೂ ಒಣಗಾಲದಲ್ಲಿ. ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯುವವರೆಗೆ ಮಕ್ಕಳನ್ನು ದರಕಿನ ಮೇಲೆ ಕೂರಿಸುವುದಿಲ್ಲ. ಮಂಗ ಸತ್ತ ಸುದ್ದಿ ಬಂದ ಕಾಡಿಗೆ ಕಾಲಿಡುವುದೇ ಇಲ್ಲ. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ, ಮಗು ಬಚ್ಚಲಿಗೆ. ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಬದಿ ಬೆಳಕಿನಲ್ಲಿ ನೋಡಬೇಕು.