ಮೂತಿ ಎತ್ತುತ್ತಿದ್ದ ಡಿಸ್ಕ್ ನೇರವಾಗಿದ್ದು ಹೀಗೆ
ಆಟ ಡಿಸ್ಕ್ ಗಾಲ್ಫ್, ಅಂದರೆ ತಟ್ಟೆಯಂಥ ಡಿಸ್ಕನ್ನು ಎಸೆದು ದೂರದ ಬುಟ್ಟಿಗೆ ಬೀಳಿಸುವುದು. ಎಸೆತ ಬಲಗೈ ಬ್ಯಾಕ್‌ಹ್ಯಾಂಡ್, ಕೈಯನ್ನು ಎದೆಗೆ ಅಡ್ಡ ತಂದು ಬೀಸುವ ಬಗೆ. ಡಿಸ್ಕ್ ಮೂತಿ, ಅಂದರೆ ಮುಂದಿನ ಅಂಚು, ಎತ್ತಿ ಮೇಲೇರಿ, 30 ಮೀಟರಿಗೇ ಸುಸ್ತಾಗಿ ಎಡಕ್ಕೆ ಬೀಳುತ್ತಿತ್ತು. ಬುಟ್ಟಿ ಇಲ್ಲ, ಮೈಸೂರಿನ ನಮ್ಮ ಬಡಾವಣೆ ಮೈದಾನದ ಹೊಂಗೆಮರವೇ ಗುರಿ.

ಜೋರಾಗಿ ಎಸೆದೆ, ಓಡಿಬಂದು ಎಸೆದೆ, ದುಡ್ಡು ಸುರಿದು ಡ್ರೈವರ್ ಎಂಬ ದೂರದ ಎಸೆತದ ಡಿಸ್ಕ್ ತರಿಸಿದೆ. ಅದು ಇನ್ನೂ ಬೇಗ ಎಡಕ್ಕೆ ವಾಲಿತು!

ತಪ್ಪಿದ್ದದ್ದು ಹಿಡಿತದಲ್ಲಿ. 175 ಗ್ರಾಂ ಪಟರ್ (ಹತ್ತಿರದ ಎಸೆತದ ಡಿಸ್ಕ್) ತಗೊಳ್ಳಿ, ಅಂಗೈ ಬೆವರು ಒರೆಸಿಕೊಳ್ಳಿ. ನಾಲ್ಕೂ ಬೆರಳ ತುದಿ ಅಂಚಿನ ಒಳಮೈಗೆ, ಹೆಬ್ಬೆರಳು ಮೇಲೆ. ಆಮೇಲೆ ಮಣಿಕಟ್ಟನ್ನು ಕಿರುಬೆರಳ ಕಡೆಗೆ ತುಸು ಇಳಿಸಿ, ಚೊಂಬಿನಿಂದ ನೀರು ಬಗ್ಗಿಸುವ ಹಾಗೆ. ಡಿಸ್ಕ್ ಮುಂಗೈಯ ಸಾಲಿಗೆ ಬಂದರೆ ಸರಿ. ನನ್ನದು ಅಷ್ಟು ದಿನವೂ ಆ ಸಾಲಿಗಿಂತ ಮೇಲಿತ್ತು. ಬೆರಳು ಸಡಿಲವಿರಲಿ, ಬಿಡುವ ಗಳಿಗೆಯಲ್ಲಷ್ಟೇ ಬಿಗಿ. ನಿಂತಲ್ಲಿಂದಲೇ 20 ಎಸೆತ, ಪ್ರತಿ ಸಲವೂ ಹಿಡಿತ ಹೊಸದಾಗಿ. ಪಟರ್ ನೇರ ಹೋದ ಮೇಲೆಯೇ ಹೆಜ್ಜೆ ಸೇರಿಸಿದೆ.