ಕೋವಿ ಲೈಸನ್ಸ್ ನವೀಕರಣ: ಫೈಲು ಮಲಗುವುದು ಎಲ್ಲಿ, ಎಬ್ಬಿಸುವುದು ಹೇಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಅಡೂರು, ಪಾಣತ್ತೂರು ಕಡೆಯ ತೋಟದವರಿಗೆ ಹಂದಿಯ ಕಾಟ ವಿವರಿಸಬೇಕಾಗಿಲ್ಲ. ಬೆಳಗ್ಗೆ ಎದ್ದು ನೋಡಿದರೆ ನೇಂದ್ರ ಬಾಳೆ ಸಾಲಾಗಿ ಮಗುಚಿರುತ್ತದೆ, ಮರಗೆಣಸಿನ ಏರಿ ಉಳುಮೆ ಮಾಡಿದ ಹಾಗೆ ಕಾಣುತ್ತದೆ. ಕಾಡುಹಂದಿಯನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರ 2022ರ ಮೇ ತಿಂಗಳಿನಿಂದ ಪಂಚಾಯತು ಅಧ್ಯಕ್ಷರ ಕೈಗೂ ಬಂದಿದೆ. ಆದರೆ ಗುಂಡು ಹಾರಿಸಬೇಕಾದವರ ಕೈಯಲ್ಲಿ ಚಾಲ್ತಿಯಲ್ಲಿರುವ ಲೈಸನ್ಸ್ ಇರಬೇಕಲ್ಲ? ಕೋವಿ ಠಾಣೆಯಲ್ಲಿ, ಅರ್ಜಿ ವಿದ್ಯಾನಗರದ ಕಲೆಕ್ಟರೇಟಿನಲ್ಲಿ, ವರದಿ ಇವೆರಡರ ನಡುವೆ ಎಲ್ಲೋ. ಬೆಳೆ ಮಾತ್ರ ಹಂದಿಯ ಬಾಯಿಗೆ.

ಕಚೇರಿಯ ವಿಳಂಬ ನಿಜ, ಅದು ರೈತನಿಗೆ ಆಗುವ ಅನ್ಯಾಯವೂ ಹೌದು. ಆದರೆ ವರ್ಷಗಟ್ಟಲೆ ಕಾಯುತ್ತಿರುವವರ ಕಾಗದ ಬಿಡಿಸಿ ನೋಡಿದರೆ ಎರಡು ಕೊರತೆ ಮತ್ತೆ ಮತ್ತೆ ಕಾಣುತ್ತವೆ. ಒಂದು, ಹೆಸರೋ ವಿಳಾಸವೋ ಕೋವಿಯ ನಂಬ್ರವೋ ಎರಡು ಕಾಗದಗಳಲ್ಲಿ ಎರಡು ಥರ ಇರುವುದು. ಇನ್ನೊಂದು, ಯಾವ ದಿನ ಯಾವ ಮೇಜಿಗೆ ಏನು ಹೋಯಿತೆಂಬುದಕ್ಕೆ ಅರ್ಜಿದಾರನ ಕೈಯಲ್ಲಿ ತಾರೀಕು ಬಿದ್ದ ಒಂದು ಚೀಟಿಯೂ ಇಲ್ಲದಿರುವುದು. ಇವೆರಡನ್ನು ಸರಿಮಾಡಿಕೊಂಡವರು ಕಾನೂನಿನ ಗಡುವನ್ನು ಎತ್ತಿ ಕೇಳಬಹುದು. ಉಳಿದವರು ‘ನೋಡೋಣ, ಬನ್ನಿ’ ಎಂಬ ಮಾತು ಕೇಳಿಕೊಂಡು ಬಸ್ಸು ಹತ್ತಬೇಕಾಗುತ್ತದೆ.

ಇಲ್ಲಿ ಹೇಳುವುದು ನವೀಕರಣದ ಬಗ್ಗೆ ಮಾತ್ರ. ಹೊಸ ಲೈಸನ್ಸಿಗೆ ಸುರಕ್ಷತಾ ತರಬೇತಿಯೂ ಸೇರಿ ಬೇರೆ ಕೆಲಸಗಳಿವೆ. ಗಡಿಯಾಚೆ ಕೊಡಗಿನಲ್ಲಿ ನೆಂಟರಿರುವವರು ಒಂದು ಮಾತು ನೆನಪಿಡಿ: ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಅಲ್ಲಿಯ ಹಳೆಯ ವಂಶಪಾರಂಪರ್ಯ ಭೂಮಿಯವರಿಗೆ) ಕೋವಿ ಲೈಸನ್ಸಿನಿಂದ ಇರುವ ವಿನಾಯಿತಿ ಪಾಣತ್ತೂರಿನ ಈಚೆಗಿನ ತೋಟದವರಿಗೆ ಇಲ್ಲ.

ಹಂತ 1: ತಾರೀಕು ನೋಡಿ

ಲೈಸನ್ಸ್ ಪುಸ್ತಕದ ಕೊನೆಯ ನವೀಕರಣದ ಮುದ್ರೆ ತೆರೆದು ಅವಧಿ ಎಂದು ಮುಗಿಯುತ್ತದೆ ನೋಡಿ. ಮೊದಲು ಮೂರು ವರ್ಷವಿದ್ದ ಅವಧಿ ಆಯುಧ ಕಾನೂನಿನ 2019ರ ತಿದ್ದುಪಡಿಯಿಂದ ಐದು ವರ್ಷವಾಗಿದೆ. ಹಾಗೆಂದು ಹಳೆಯ ಮುದ್ರೆಗೆ ನೀವೇ ಎರಡು ವರ್ಷ ಕೂಡಿಸಿಕೊಳ್ಳಬೇಡಿ, ಪುಸ್ತಕದಲ್ಲಿ ಬರೆದ ತಾರೀಕೇ ಲೆಕ್ಕ. ಅದಕ್ಕಿಂತ ಆರು ತಿಂಗಳು ಮೊದಲೇ ಕಾಗದ ಕೂಡಿಸಲು ಶುರುಮಾಡಿ. ಅದೇ ತಿದ್ದುಪಡಿಯ ಪ್ರಕಾರ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. ಅಜ್ಜನ ಕಾಲದ್ದು ಎಂದರೂ ರಿಯಾಯಿತಿ ಇಲ್ಲ.

ಹಂತ 2: ಕೋವಿಯ ನಂಬ್ರ ಕೋವಿಯಿಂದಲೇ ಓದಿ

ಹೆಚ್ಚಿನವರು ಎಡವುವುದು ಇಲ್ಲಿ. ಅರ್ಜಿಯಲ್ಲಿ ಪುಸ್ತಕದ ನಂಬ್ರವನ್ನು ನೋಡಿ ಬರೆಯುತ್ತಾರೆ. ಪುಸ್ತಕದ್ದನ್ನು ಅದರ ಹಿಂದಿನ ಪುಸ್ತಕದಿಂದ ಯಾರೋ ಕೈಬರಹದಲ್ಲಿ ಇಳಿಸಿರುತ್ತಾರೆ. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಅದಕ್ಕೆ ಮೊದಲಿನ ದಾಖಲೆ ಕಣ್ಣೂರು ಜಿಲ್ಲೆಯದು, 1956ಕ್ಕೂ ಹಿಂದಿನದಾದರೆ ದಕ್ಷಿಣ ಕನ್ನಡದ್ದು. ಇಷ್ಟು ಕೈ ದಾಟುವಾಗ 3 ಹೋಗಿ 8 ಆಗಿರುತ್ತದೆ, 1 ಹೋಗಿ 7 ಆಗಿರುತ್ತದೆ. ಠಾಣೆಯಲ್ಲಿ ಕೋವಿ ತಾಳೆ ನೋಡುವಾಗ ಅಂಕಿ ಹೊಂದದಿದ್ದರೆ ಫೈಲು ಅಲ್ಲಿಗೆ ನಿಂತಿತು.

ಮೊದಲು ಕೋವಿ ಖಾಲಿಯೇ ಎಂದು ಖಾತ್ರಿ ಮಾಡಿಕೊಳ್ಳಿ. ತೋಟೆ (ಕಾರ್ಟ್ರಿಜ್) ಹಾಕುವ ಕೋವಿಯಾದರೆ ಮಡಚಿ ನಳಿಗೆಯ ಮೂಲಕ ಬೆಳಕು ನೋಡಿದರೆ ಸಾಕು. ಬಾಯಿಯಿಂದ ಮದ್ದು ತುಂಬಿಸುವ ಕೇಪಿನ ಕೋವಿ ಹಾಗಲ್ಲ, ಒಳಗೆ ಮದ್ದು ಜಡಿದಿದ್ದರೂ ಹೊರಗೆ ಕಾಣುವುದಿಲ್ಲ. ಕೇಪು ಕುದುರೆಯ (ಕೇಪಿಗೆ ಬಡಿಯುವ ಭಾಗದ) ಕೆಳಗೆ ಇಲ್ಲ ಎಂದು ನೋಡಿಕೊಂಡು, ನಳಿಗೆಯ ಬಾಯಿಯ ಎದುರು ಮುಖವಾಗಲಿ ಕೈಯಾಗಲಿ ಬರದ ಹಾಗೆ ನಿಂತು, ಮದ್ದು ಜಡಿಯುವ ಗಜದ ಕೋಲನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಮೆಲ್ಲಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಗುರುತು ಹಾಕಿ. ಹೊರತೆಗೆದು ಅದೇ ಗುರುತನ್ನು ಬಾಯಿಯ ಮಟ್ಟಕ್ಕೆ ಹಿಡಿದು ನಳಿಗೆಯ ಹೊರಮೈಗೆ ಒರಗಿಸಿ. ಕೋಲಿನ ತುದಿ ಕೇಪು ಕೂರುವ ಮೊಲೆಯ ಹತ್ತಿರಕ್ಕೆ ಬಂದರೆ ಖಾಲಿ. ಎರಡು ಮೂರು ಇಂಚು ಮೊದಲೇ ನಿಂತರೆ ಒಳಗೆ ಮದ್ದಿದೆ ಎಂದು ತಿಳಿದು, ಗೊತ್ತಿದ್ದವರಿಂದ ತೆಗೆಸಿದ ಮೇಲೆಯೇ ಮುಂದಿನ ಕೆಲಸ.

ನಂಬ್ರವನ್ನು ಸಾಮಾನ್ಯವಾಗಿ ನಳಿಗೆಯ ಬುಡದಲ್ಲಿ ಕೆತ್ತಿರುತ್ತಾರೆ. ತೋಟೆ ಕೋವಿಯಲ್ಲಿ ಮಡಚುವ ಭಾಗದ ಒಳಮೈಯಲ್ಲೂ ಮುಂದಿನ ಮರದ ಹಿಡಿಯ ಕೆಳಗಿನ ಕಬ್ಬಿಣದಲ್ಲೂ ಇರಬಹುದು. ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ತಾಗಿಸಿ ಆ ಜಾಗ ಒರಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಣಗಲು ಬಿಡಿ. ಸೀಮೆಸುಣ್ಣ ಪುಡಿಮಾಡಿ ಬೆರಳಿನಿಂದ ತಿಕ್ಕಿ ಮೇಲ್ಮೈ ಒರಸಿದರೆ ಕೆತ್ತಿದ ಗೆರೆಯೊಳಗೆ ಬಿಳಿ ಉಳಿಯುತ್ತದೆ. ಟಾರ್ಚನ್ನು ನೇರ ಬಿಡಬೇಡಿ, ಮಗ್ಗುಲಿನಿಂದ ಬಿಡಿ. ಆಗ 3ಕ್ಕೂ 8ಕ್ಕೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ.

ಎಮರಿ ಕಾಗದ ಹಾಕಿ ಉಜ್ಜಲೇಬಾರದು. ಅಳಿಸಿದ ಅಂಕಿಯನ್ನು ಕಮ್ಮಾರನ ಹತ್ತಿರ ಮತ್ತೆ ಕೆತ್ತಿಸುವುದಂತೂ ಬೇಡವೇ ಬೇಡ. ಕೋವಿಯ ಗುರುತನ್ನು ಅಳಿಸುವುದು, ಬದಲಿಸುವುದು 1959ರ ಆಯುಧ ಕಾನೂನಿನ 8ನೇ ಸೆಕ್ಷನ್ ಪ್ರಕಾರ ಅಪರಾಧ. ಅಂಕಿ ಪುಸ್ತಕಕ್ಕಿಂತ ಬೇರೆ ಕಂಡರೆ ಕೋವಿಯನ್ನು ಪುಸ್ತಕಕ್ಕೆ ಹೊಂದಿಸುವುದಲ್ಲ, ಪುಸ್ತಕವನ್ನು ತಿದ್ದಿಸಬೇಕು. ಫೋಟೋ ಲಗತ್ತಿಸಿ ತಿದ್ದುಪಡಿಗೆ ಪ್ರತ್ಯೇಕ ಅರ್ಜಿಯನ್ನು ನವೀಕರಣದ ಅರ್ಜಿಗಿಂತ ಮೊದಲೇ ಕೊಡಿ.

ಹಂತ 3: ಹೆಸರು, ವಿಳಾಸ

ನಮ್ಮ ಕಡೆ ಈ ಗೋಜಲು ಹೆಚ್ಚು, ಯಾಕೆಂದರೆ ಒಂದೇ ಊರಿಗೆ ಮೂರು ಭಾಷೆಯಲ್ಲಿ ಮೂರು ರೂಪ. ಮಂಜೇಶ್ವರ ಒಂದು ಕಡೆ ಮಂಜೇಶ್ವರಂ ಆಗಿರುತ್ತದೆ, ಕುಂಬಳೆ ಇನ್ನೊಂದು ಕಡೆ ಕುಂಬ್ಳ. ಮನೆ ಹೆಸರು ಹಳೆಯ ಪುಸ್ತಕದಲ್ಲಿದ್ದರೆ ಆಧಾರಿನಲ್ಲಿ ಇಲ್ಲ. ಭಟ್ಟರೋ ಶೆಟ್ಟರೋ ರೈಗಳೋ ಆಗಿದ್ದವರು ಭೂತೆರಿಗೆ ರಶೀದಿಯಲ್ಲಿ ಬರೇ ಇನಿಶಿಯಲ್ ಆಗಿರುತ್ತಾರೆ. ಪಂಚಾಯತಿನ ವಾರ್ಡು ಮರುವಿಂಗಡಣೆಯಾದಾಗ ಮನೆ ನಂಬ್ರವೂ ಬದಲಾಗುತ್ತದೆ. ಹಳೆ ನಂಬ್ರ ಹಿಡಿದು ಹುಡುಕಿದ ಪೊಲೀಸರಿಗೆ ಮನೆ ಸಿಗದಿದ್ದರೆ ‘ಈ ವಿಳಾಸದಲ್ಲಿ ವಾಸವಿಲ್ಲ’ ಎಂದು ಬರೆದುಬಿಡುವ ಸಾಧ್ಯತೆ ಇದೆ. ಆ ಒಂದು ಸಾಲು ತಿದ್ದಿಸಲು ತಿಂಗಳುಗಳು ಹಿಡಿಯುತ್ತವೆ.

ಮಾಡಬೇಕಾದದ್ದು ಇಷ್ಟು. ಆಧಾರಿನಲ್ಲಿರುವ ಹೆಸರನ್ನೇ ಮೂಲವೆಂದು ಇಟ್ಟುಕೊಳ್ಳಿ. ಬೇರೆ ಕಾಗದಗಳಲ್ಲಿ ಬೇರೆ ರೂಪವಿದ್ದರೆ ಅಕ್ಷಯ ಕೇಂದ್ರದ (ಸರಕಾರಿ ಸೇವೆಗಳ ಅರ್ಜಿ ಹಾಕುವ ಕೇಂದ್ರದ) ಮೂಲಕ ವಿಲೇಜ್ ಆಫೀಸಿನಿಂದ, ಇಷ್ಟೂ ಹೆಸರು ಒಬ್ಬರದೇ ಎನ್ನುವ ‘ವನ್ ಆ್ಯಂಡ್ ದ ಸೇಮ್’ ಸರ್ಟಿಫಿಕೇಟ್ ತೆಗೆಸಿ. ಅದರಲ್ಲಿ ಎಲ್ಲ ರೂಪಗಳೂ ಇರಬೇಕು, ಒಂದೂ ಬಿಟ್ಟುಹೋಗಬಾರದು. ಮನೆ ನಂಬ್ರಕ್ಕೆ ಪಂಚಾಯತಿನಿಂದ ಹಳೆಯದು ಇಂಥದ್ದು, ಈಗಿನದು ಇಂಥದ್ದು ಎಂದು ಬರೆಸಿಕೊಳ್ಳಿ. ನೋಟರಿಯ ಅಫಿಡವಿತ್ ಸಾಕು ಎನ್ನುವವರ ಮಾತು ಕೇಳಬೇಡಿ. ಕೆಲವೊಮ್ಮೆ ಸಾಕಾಗಬಹುದು, ಆದರೆ ಕಂದಾಯ ಇಲಾಖೆಯ ಕಾಗದಕ್ಕಿರುವ ತೂಕ ಅದಕ್ಕಿಲ್ಲ.

ಲೈಸನ್ಸ್ ಪುಸ್ತಕವನ್ನು ಹಾಳಾಗದಿರಲೆಂದು ಲ್ಯಾಮಿನೇಶನ್ ಮಾಡಿಸುವವರಿದ್ದಾರೆ. ದಯವಿಟ್ಟು ಮಾಡಿಸಬೇಡಿ. ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ನಿಲ್ಲುವುದಿಲ್ಲ, ಬಿಡಿಸಿದರೆ ಹಾಳೆಯೇ ಕಿತ್ತುಬರುತ್ತದೆ.

ಹಂತ 4: ಯುಐಎನ್

ಪ್ರತಿ ಲೈಸನ್ಸುದಾರನಿಗೂ ಕೇಂದ್ರ ಸರಕಾರದ ಎನ್‌ಡಿಎಎಲ್ ದಾಖಲೆಯಲ್ಲಿ (ಇಡೀ ದೇಶದ ಆಯುಧ ಲೈಸನ್ಸುಗಳ ಕಂಪ್ಯೂಟರ್ ಪಟ್ಟಿಯಲ್ಲಿ) ಒಂದು ಯುಐಎನ್, ಅಂದರೆ ವಿಶಿಷ್ಟ ಗುರುತಿನ ನಂಬ್ರ ಇರಬೇಕು. ಅದು ಲೈಸನ್ಸಿನದೂ ಅಲ್ಲ, ಕೋವಿಯದೂ ಅಲ್ಲ, ವ್ಯಕ್ತಿಯದು. ಇಲ್ಲದಿದ್ದರೆ ನವೀಕರಣ ಮುಂದೆ ಹೋಗದು. ಇದ್ದರೂ ಅದರಲ್ಲಿ ದಾಖಲಾದ ಕೋವಿಯ ನಂಬ್ರ ಎರಡನೇ ಹಂತದಲ್ಲಿ ನೀವು ಓದಿದ ನಂಬ್ರವೇ ಎಂದು ಲೈಸನ್ಸ್ ವಿಭಾಗದಲ್ಲಿ ಕೇಳಿ ತಿಳಿಯಿರಿ.

ಹಂತ 5: ಉಳಿದ ಕಾಗದ

ಬಿಳಿ ಹಿನ್ನೆಲೆಯ ನಾಲ್ಕು ಫೋಟೋ, ಗುರುತು ಮತ್ತು ವಾಸದ ದಾಖಲೆ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯರ ಸರ್ಟಿಫಿಕೇಟ್, ಬೆಳೆ ರಕ್ಷಣೆಯ ಕೋವಿಯಾದರೆ ಭೂತೆರಿಗೆ ರಶೀದಿ, ಫೀಸಿನ ಚಲನ್. ಜಾಗ ಪಾಲಾಗಿ ಕಡಿಮೆಯಾಗಿದೆ ಎಂದು ಹೆದರಬೇಕಾಗಿಲ್ಲ. ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಲೈಸನ್ಸ್ ನಿರಾಕರಿಸುವಂತಿಲ್ಲ ಎಂದು ಆಯುಧ ಕಾನೂನಿನ 14ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ.

ಹಂತ 6: ಕೊಡುವುದು

ಫಾರಂ ಇಂಗ್ಲಿಷಿನಲ್ಲಿ ತುಂಬಿಸಿ, ಜೊತೆಯ ಪತ್ರ ಕನ್ನಡದಲ್ಲಿ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಇಲ್ಲಿಯ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ, ಬಳಸದೆ ಬಿಟ್ಟರೆ ಅದು ಕಾಗದದಲ್ಲೇ ಉಳಿಯುತ್ತದೆ. ಕನ್ನಡ ಬಾರದ ಅಧಿಕಾರಿಯ ಮೇಜಿನಲ್ಲಿ ಅದೇ ನೆಪವಾಗದಿರಲು ಅರ್ಧ ಪುಟದ ಇಂಗ್ಲಿಷ್ ಸಾರಾಂಶ ಸೇರಿಸಿ. ಎಲ್ಲದಕ್ಕೂ ಎರಡು ಪ್ರತಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದರ ಮೇಲೆ ಮುದ್ರೆ, ತಾರೀಕು, ಫೈಲು ನಂಬ್ರ ಬರೆಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ. ಪರಿಚಯದ ಗುಮಾಸ್ತರ ಕೈಗೆ ನೇರ ಕೊಡುವುದು ಬೇಗದ ದಾರಿಯಂತೆ ಕಾಣುತ್ತದೆ. ಅವರಿಗೆ ವರ್ಗವಾದರೆ ನೀವು ಅರ್ಜಿ ಕೊಟ್ಟದ್ದಕ್ಕೇ ಪುರಾವೆ ಇರುವುದಿಲ್ಲ.

ಹಂತ 7: ಪೊಲೀಸ್ ವರದಿ

ಫೈಲು ಮಲಗುವ ಜಾಗ ಇದೇ. ಕಲೆಕ್ಟರೇಟಿನಿಂದ ಎಸ್‌ಪಿ ಕಚೇರಿಗೆ, ಅಲ್ಲಿಂದ ನಿಮ್ಮ ಠಾಣೆಗೆ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ಪ್ರತಿ ಮೇಜಿನವರೂ ‘ನಮ್ಮಲ್ಲಿಲ್ಲ, ಮೇಲೆ ಹೋಗಿದೆ’ ಎನ್ನಬಹುದು. ಆದ್ದರಿಂದ ಅರ್ಜಿ ಕೊಟ್ಟು ಹದಿನೈದು ದಿನಕ್ಕೆ ಕಲೆಕ್ಟರೇಟಿನಲ್ಲಿ ಒಂದೇ ಪ್ರಶ್ನೆ ಕೇಳಿ: ವರದಿ ಕೇಳಿದ ಪತ್ರದ ನಂಬ್ರ ಮತ್ತು ತಾರೀಕು ಏನು? ಆ ನಂಬ್ರ ಹಿಡಿದು ಠಾಣೆಗೆ ಹೋಗಿ. ಬರೇ ಹೆಸರು ಹೇಳಿದರೆ ಹುಡುಕುವವರಿಲ್ಲ, ಪತ್ರದ ನಂಬ್ರ ಹೇಳಿದರೆ ರಿಜಿಸ್ಟರ್ ತೆರೆಯಲೇಬೇಕು. ಪುಸ್ತಕ, ಫೋಟೋ, ಹಂತ 3ರ ಸರ್ಟಿಫಿಕೇಟುಗಳ ಪ್ರತಿಯನ್ನು ಅಂದೇ ಕೊಟ್ಟುಬಿಡಿ.

2016ರ ಆಯುಧ ನಿಯಮಗಳ ಪ್ರಕಾರ ಪೊಲೀಸ್ ವರದಿ 30 ದಿನದೊಳಗೆ ಬರಬೇಕು. ವರದಿ ಕೈಸೇರಿದ 60 ದಿನದೊಳಗೆ ತೀರ್ಮಾನವಾಗಬೇಕು. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಮಾತು ಆಯುಧ ಕಾನೂನಿನ 13ನೇ ಸೆಕ್ಷನಿನಲ್ಲಿದೆ: ಗಡುವಿನೊಳಗೆ ವರದಿ ಬಾರದಿದ್ದರೆ, ಅದಕ್ಕಾಗಿ ಇನ್ನೂ ಕಾಯದೆ ಲೈಸನ್ಸ್ ಅಧಿಕಾರಿ ಆದೇಶ ಮಾಡಬಹುದು. 15ನೇ ಸೆಕ್ಷನ್ ಇದನ್ನು ನವೀಕರಣಕ್ಕೂ ಅನ್ವಯಿಸುತ್ತದೆ. ಮಾಡಲೇಬೇಕೆಂದಿಲ್ಲ, ಮಾಡಬಹುದು ಎಂದಿದೆ. ಆದರೂ ‘ವರದಿ ಬಾರದೆ ನಾವೇನೂ ಮಾಡುವಂತಿಲ್ಲ’ ಎಂಬ ಮಾತಿಗೆ ಇದು ನೇರ ಉತ್ತರ. ವರದಿ ಕೇಳಿದ ಪತ್ರದ ತಾರೀಕಿನಿಂದ ಮೂವತ್ತೈದನೇ ದಿನ ಹೀಗೆ ಬರೆದು ಟಪಾಲಿನಲ್ಲಿ ಮುದ್ರೆ ಹಾಕಿಸಿ:

‘ಇಂಥ ತಾರೀಕಿನ ಇಂಥ ನಂಬ್ರದ ಪತ್ರದಲ್ಲಿ ಕೇಳಿದ ಪೊಲೀಸ್ ವರದಿಗೆ 30 ದಿನ ಕಳೆದಿದೆ. ಆಯುಧ ಕಾನೂನಿನ 13(2ಎ) ಉಪಸೆಕ್ಷನಿನ ಪ್ರಕಾರ ವರದಿಗೆ ಕಾಯದೆ ನನ್ನ ನವೀಕರಣದ ಅರ್ಜಿಯಲ್ಲಿ ಆದೇಶ ಮಾಡಬೇಕೆಂದು ವಿನಂತಿ. ಸಾಧ್ಯವಿಲ್ಲವಾದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು.’

ಇದಕ್ಕೂ ಅಲುಗಾಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ, ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು ಅಂಟಿಸಿ. ‘ಯಾಕೆ ತಡ’ ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ನನ್ನ ಫೈಲು ಯಾವ ದಿನ ಯಾವ ಅಧಿಕಾರಿಯ ಹತ್ತಿರ ಇತ್ತು, ಅದರ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ ಎಂದು ಕೇಳಿ. ಉತ್ತರಕ್ಕೆ 30 ದಿನವಿದೆ. ಎಷ್ಟೋ ಫೈಲುಗಳು ಉತ್ತರ ಬರೆಯಬೇಕಾಗಿ ಬಂದಾಗಲೇ ಎದ್ದು ನಡೆಯುತ್ತವೆ. ನವೀಕರಣ ನಿರಾಕರಿಸಿದ ಆದೇಶ ಬಂದರೆ ಕಾರಣದ ಪ್ರತಿ ಪಡೆದು, ಆಯುಧ ಕಾನೂನಿನ 18ನೇ ಸೆಕ್ಷನ್ ಪ್ರಕಾರ 30 ದಿನದೊಳಗೆ ಮೇಲ್ಮನವಿ ಹಾಕಿ.

ಏಜೆಂಟರ ಕೈಗೆ ಮೂಲ ಪುಸ್ತಕ ಕೊಡುವವರಿಗೆ ಒಂದೇ ಮಾತು: ಕೊಡಬೇಡಿ.

ಹಂತ 8: ಅಷ್ಟರಲ್ಲಿ ಅವಧಿ ಮುಗಿದರೆ

ಅರ್ಜಿ ಬಾಕಿ ಇದೆ ಎಂದು ಕೋವಿಯನ್ನು ಅಟ್ಟದಲ್ಲಿಟ್ಟು ಕೂರಬೇಡಿ. ಅವಧಿ ಮುಗಿದ ಮೇಲೆ ಆಯುಧ ಕಾನೂನಿನ 21ನೇ ಸೆಕ್ಷನ್ ಪ್ರಕಾರ ಠಾಣೆಯಲ್ಲೋ ಲೈಸನ್ಸುಳ್ಳ ಕೋವಿ ಅಂಗಡಿಯಲ್ಲೋ ಒಪ್ಪಿಸಬೇಕು. ಚುನಾವಣೆಯ ಸಮಯದಲ್ಲೂ ಒಪ್ಪಿಸಲು ನೋಟಿಸು ಬರುವುದುಂಟು. ಬೆಳೆ ರಕ್ಷಣೆಗೆ ಕೋವಿ ಬೇಕೇಬೇಕಾದವರು ವಿನಾಯಿತಿಗಾಗಿ, ಯಾರ ಕೋವಿ ಒಪ್ಪಿಸಬೇಕೆಂದು ಪರಿಶೀಲಿಸುವ ಜಿಲ್ಲಾ ಸ್ಕ್ರೀನಿಂಗ್ ಸಮಿತಿಗೆ ಮೊದಲೇ ಬರೆಯಬೇಕು.

ಆಟಿ ತಿಂಗಳ ಮಳೆಗೆ ಠಾಣೆಯ ಕೋಣೆಯ ತೇವದಲ್ಲಿ ಕೋವಿ ತುಕ್ಕು ಹಿಡಿಯದಿರಬೇಕಾದರೆ ಕೊಡುವ ಮೊದಲು ಶ್ರಮಪಡಬೇಕು. ಕೇಪಿನ ಕೋವಿಯ ಮದ್ದಿನ ಮಸಿ ತೇವ ಎಳೆಯುತ್ತದೆ, ಬಿಸಿನೀರಿನಲ್ಲಿ ನಳಿಗೆ ತೊಳೆದು ಪೂರ್ತಿ ಒಣಗಿಸಿ. ಒಳಗೂ ಹೊರಗೂ ತೆಳುವಾಗಿ ಖನಿಜ ಎಣ್ಣೆ ಸವರಿ, ಹೊಲಿಗೆ ಯಂತ್ರದ ಎಣ್ಣೆಯಾದೀತು. ತೆಂಗಿನೆಣ್ಣೆ ಬೇಡ, ಕೆಲವು ತಿಂಗಳಲ್ಲಿ ಅಂಟಾಗಿ ಕುದುರೆ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಪಂಜು ಹಾಕಿದ ರೆಕ್ಸಿನ್ ಚೀಲವೂ ಬೇಡ. ಚಂದ ಕಾಣುತ್ತದೆ, ನೀರು ಹಿಡಿದಿಡುತ್ತದೆ. ಎಣ್ಣೆ ತಾಗಿಸಿದ ಹತ್ತಿ ಬಟ್ಟೆ ಸುತ್ತಿದರೆ ಸಾಕು.

ರಶೀದಿಯಲ್ಲಿ ತಯಾರಕರ ಹೆಸರು, ನಂಬ್ರ, ಒಂಟಿ ನಳಿಗೆಯೋ ಜೋಡು ನಳಿಗೆಯೋ, ತೋಟೆಗಳ ಲೆಕ್ಕ, ‘ತುಕ್ಕಿಲ್ಲ, ಮರ ಒಡೆದಿಲ್ಲ’ ಎಂಬ ಸಾಲು, ಠಾಣೆಯ ಮುದ್ರೆ ಇಷ್ಟೂ ಇರಲಿ. ಬಿಡಿಸಿಕೊಳ್ಳಲು ಹೋಗುವಾಗ ನವೀಕರಿಸಿದ ಪುಸ್ತಕ, ಈ ರಶೀದಿ, ಒಂದು ಟಾರ್ಚು ಜೊತೆಗಿರಲಿ. ಕೊಟ್ಟದ್ದು ನಿಮ್ಮದೇ ಕೋವಿಯೇ ಎಂದು ನಂಬ್ರ ಹೊಂದಿಸಿ, ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದ ಮೇಲೆಯೇ ರಿಜಿಸ್ಟರಿಗೆ ಸಹಿ ಹಾಕಿ.